ತೊಳೆದರೂ ಹೋಗದ ಲೋಳೆ: ಪ್ಲಾಸ್ಟಿಕ್ ಮೇಲೆ ಬ್ಯಾಕ್ಟೀರಿಯಾ ನೆಲೆಯೂರುವ ಬಗೆ

ನೀರು ತುಂಬಿಡುವ ಪ್ಲಾಸ್ಟಿಕ್ ಬಿಂದಿಗೆಯನ್ನು ಬರಿದು ಮಾಡಿ, ಒಳಗೆ ಕೈ ಹಾಕಿ, ಕಂಠದ ಕೆಳಗಿನ ತಿರುವನ್ನು ಬೆರಳಿಂದ ಒಮ್ಮೆ ಸವರಿ. ದಿನವೂ ನೀರು ಕುಲುಕಿ ಚೆಲ್ಲುವ ಬಿಂದಿಗೆಯಾದರೂ ಅಲ್ಲಿ ಬೆರಳು ಜಾರುವುದು ಗೊತ್ತಾಗುತ್ತದೆ. ಕಣ್ಣಿಗೆ ಏನೂ ಕಾಣದು. ನೀರು ತಿಳಿಯಾಗಿರುತ್ತದೆ, ವಾಸನೆಯೂ ಬರುತ್ತಿರಲಿಕ್ಕಿಲ್ಲ. ಆದರೂ ಬೆರಳಿಗೆ ಹತ್ತಿದ ಆ ತೆಳು ಲೋಳೆಯಲ್ಲಿ ಲಕ್ಷಗಟ್ಟಲೆ ಬ್ಯಾಕ್ಟೀರಿಯಾಗಳು ಜೀವಂತವಾಗಿರುತ್ತವೆ. ಅವು ಗೋಡೆಯನ್ನು ಹಿಡಿದು, ಅಲ್ಲೇ ಬೆಳೆದು, ತಮ್ಮ ಸುತ್ತ ತಾವೇ ಹೊದಿಕೆ ಕಟ್ಟಿಕೊಂಡಿರುತ್ತವೆ.

ವಿಜ್ಞಾನಿಗಳು ಇದನ್ನು ಬಯೋಫಿಲ್ಮ್ ಎನ್ನುತ್ತಾರೆ. ಇಲ್ಲಿ ಲೋಳೆ ಪದರ ಎಂದೇ ಕರೆಯೋಣ. ಬಿಂದಿಗೆ, ಡ್ರಮ್ಮು, ತಾರಸಿಯ ಟ್ಯಾಂಕು, ಮಕ್ಕಳ ನೀರಿನ ಬಾಟಲಿ, ಬಚ್ಚಲ ಮಗ್ಗು, ಹಾಸಿಗೆ ಹಿಡಿದ ಹಿರಿಯರಿಗೆ ಹಾಕಿದ ಮೂತ್ರದ ನಳಿಕೆ, ಹೀಗೆ ಇವತ್ತಿನ ಮನೆಯಲ್ಲಿ ನೀರು ಮುಟ್ಟುವ ಬಹುಪಾಲು ವಸ್ತುಗಳು ಪ್ಲಾಸ್ಟಿಕ್ಕಿನವು. ಈ ಪದರ ಹೇಗೆ ಕಟ್ಟುತ್ತದೆ ಎಂದು ತಿಳಿದಿದ್ದರೆ ಎಲ್ಲಿ ಶ್ರಮ ಹಾಕಬೇಕು, ಎಲ್ಲಿ ಬೇಡ ಎಂಬುದು ತಾನಾಗಿ ಹೊಳೆಯುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಷ್ಟು: ಉಜ್ಜದೆ ಹಾಕಿದ ಔಷಧ ವ್ಯರ್ಥ, ಉಜ್ಜಿದ ಮೇಲೆ ಒಣಗಿಸದಿದ್ದರೆ ಆ ಶ್ರಮವೂ ಅರ್ಧ ವ್ಯರ್ಥ.

ಹಿಡಿತ ಸಿಗುವುದು ಹೇಗೆ

ಹೊಸ ಬಿಂದಿಗೆಗೆ ನೀರು ಸುರಿದ ಕೆಲವೇ ನಿಮಿಷಗಳಲ್ಲಿ ಕೆಲಸ ಶುರುವಾಗುತ್ತದೆ. ಮೊದಲು ಗೋಡೆಗೆ ಅಂಟುವುದು ಬ್ಯಾಕ್ಟೀರಿಯಾ ಅಲ್ಲ, ನೀರಿನಲ್ಲಿ ಕರಗಿರುವ ಸಾವಯವ ಅಂಶ. ಪ್ರೋಟೀನಿನ ಚೂರು, ಸಕ್ಕರೆ ಜಾತಿಯ ಅಣು, ಕೊಳೆತ ಎಲೆಯಿಂದ ಬಂದ ಪದಾರ್ಥ ಇವೆಲ್ಲ ಪ್ಲಾಸ್ಟಿಕ್ಕಿಗೆ ಕಾಣದಷ್ಟು ತೆಳುವಾದ ಲೇಪ ಹಾಕುತ್ತವೆ. ಬರಿಯ ಪ್ಲಾಸ್ಟಿಕ್ಕಿನ ಮೇಲ್ಮೈ ಈಗ ಬೇರೆಯದೇ ಆಗಿದೆ. ಮುಂದೆ ಬರುವ ಬ್ಯಾಕ್ಟೀರಿಯಾ ಹಿಡಿಯುವುದು ಈ ಲೇಪವನ್ನು.

ಒಂದು ಬ್ಯಾಕ್ಟೀರಿಯಾದ ಉದ್ದ ಸುಮಾರು ಒಂದೆರಡು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದೆರಡು ಪಾಲು. ಅದು ನೀರಿನ ಹರಿವಿನೊಡನೆ ತೇಲಿ ಬರುತ್ತದೆ, ಇಲ್ಲವೇ ಬಾಲದಂಥ ಎಳೆಯನ್ನು ತಿರುಗಿಸುತ್ತ ಈಜಿ ಬರುತ್ತದೆ. ಗೋಡೆಯ ಹತ್ತಿರ ಬಂದಾಗ ಮೊದಲ ಅಂಟು ತುಂಬ ಸಡಿಲ. ಆ ಹೊತ್ತಿನಲ್ಲಿ ನೀರನ್ನು ಜೋರಾಗಿ ಕುಲುಕಿದರೆ ಬಿಟ್ಟುಹೋಗುತ್ತದೆ. ಬಿಡದೆ ಉಳಿದದ್ದು ತನ್ನ ಮೈಮೇಲಿನ ಕೂದಲಿನಂಥ ಎಳೆಗಳಿಂದ ಗೋಡೆಯನ್ನು ಹಿಡಿಯುತ್ತದೆ. ಗೋಡೆ ಮುಟ್ಟಿದ ಸುಳಿವು ಜೀವಕೋಶದೊಳಗೆ ಹೋಗುತ್ತಿದ್ದಂತೆ ಈಜುವ ಎಳೆಯ ಕೆಲಸ ನಿಲ್ಲುತ್ತದೆ, ಅಂಟು ತಯಾರಾಗಲು ತೊಡಗುತ್ತದೆ. ಕೆಲವು ಗಂಟೆಗಳಲ್ಲಿ ಸಡಿಲವಿದ್ದ ಹಿಡಿತ ಗಟ್ಟಿಯಾಗುತ್ತದೆ. ಅಲ್ಲಿಂದ ಮುಂದೆ ಬರಿ ನೀರಿಗೆ ಅದನ್ನು ಎಬ್ಬಿಸುವ ಶಕ್ತಿಯಿಲ್ಲ.

ಇಷ್ಟೊಂದು ಕಷ್ಟಪಟ್ಟು ಗೋಡೆಗೇ ಏಕೆ ಅಂಟಬೇಕು? ಅಮೆರಿಕದ ಸಾಗರ ಸೂಕ್ಷ್ಮಜೀವಿ ವಿಜ್ಞಾನಿ ಕ್ಲಾಡ್ ಝೋಬೆಲ್ 1943ರಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದರು. ಆಹಾರ ತೀರ ಕಡಿಮೆಯಿರುವ ನೀರಿನಲ್ಲಿ, ಇರುವ ಅಷ್ಟಿಷ್ಟು ಪೋಷಕಾಂಶ ಗಟ್ಟಿ ಮೇಲ್ಮೈಗಳ ಮೇಲೆ ಬಂದು ಸೇರುತ್ತದೆ. ಹಾಗಾಗಿ ತೇಲುವ ಬ್ಯಾಕ್ಟೀರಿಯಾಕ್ಕಿಂತ ಅಂಟಿದ ಬ್ಯಾಕ್ಟೀರಿಯಾಕ್ಕೆ ಬದುಕು ಸುಲಭ. ನಮ್ಮ ಕುಡಿಯುವ ನೀರು ಇಂಥದ್ದೇ, ಆಹಾರ ಕಡಿಮೆಯಿರುವ ನೀರು. ನೀರು ಶುದ್ಧವಾಗಿದೆ, ಪಾತ್ರೆ ತೊಳೆಯುವುದೇನು ಬೇಕು ಎಂಬ ವಾದ ಇಲ್ಲಿಯೇ ಬಿದ್ದುಹೋಗುತ್ತದೆ.

ಅಂಟಿದ ಮೇಲೆ ಅವು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತವೆ. ಪ್ರಯೋಗಾಲಯದ ಪುಷ್ಕಳ ಆಹಾರದಲ್ಲಿ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಬಿಂದಿಗೆಯ ನೀರಿನಲ್ಲಿ ಆ ವೇಗ ಇರುವುದಿಲ್ಲ; ಅಲ್ಲಿನ ಬೆಳವಣಿಗೆ ಗಂಟೆಗಳ, ದಿನಗಳ ಲೆಕ್ಕದ್ದು. ಬೆಳೆಯುತ್ತಾ ಅವು ಸಕ್ಕರೆಯ ಉದ್ದ ಸರಪಳಿ, ಪ್ರೋಟೀನು, ಒಡೆದ ಕೋಶಗಳಿಂದ ಬಂದ ಡಿಎನ್‌ಎ ಇವುಗಳನ್ನು ಸುತ್ತ ಸುರಿಸುತ್ತವೆ. ಕಾಮಕಸ್ತೂರಿ ಬೀಜ ನೆನೆದಾಗ ಕರಿಯ ಕಾಳಿನ ಸುತ್ತ ಲೋಳೆ ಉಬ್ಬುತ್ತದಲ್ಲ, ಅದೇ ಬಗೆಯಲ್ಲಿ ಇಲ್ಲೂ ಲೋಳೆ ನೀರು ಹೀರಿ ಉಬ್ಬಿ ಪ್ರತಿ ಕೋಶವನ್ನೂ ಮುಚ್ಚುತ್ತದೆ. ಇಂಥ ಪದರವನ್ನು ಒಣಗಿಸಿ ತೂಗಿದರೆ ಸಾಮಾನ್ಯವಾಗಿ ಬ್ಯಾಕ್ಟೀರಿಯಾಗಳ ಪಾಲು ಶೇ. 10ಕ್ಕಿಂತ ಕಡಿಮೆ, ಉಳಿದ ಶೇ. 90ಕ್ಕೂ ಹೆಚ್ಚು ಅವು ಸುರಿಸಿದ ಲೋಳೆ. ನಿಮ್ಮ ಬೆರಳಿಗೆ ತಾಕಿದ್ದು ಹೆಚ್ಚಾಗಿ ಈ ಹೊದಿಕೆ.

ಈ ಹೊದಿಕೆಯಲ್ಲಿಯೇ ತೊಂದರೆಯ ಮೂಲ ಇದೆ. ಬ್ಲೀಚಿಂಗ್ ಪುಡಿಯ ಕ್ಲೋರಿನ್ ತಾಗಿದಾಗ ಅದು ಮೊದಲು ಈ ಲೋಳೆಯೊಡನೆ ಸೇರಿ ಖರ್ಚಾಗಿಬಿಡುತ್ತದೆ. ಮೇಲಿನ ಸಾಲಿನ ಕೋಶಗಳು ಸಾಯುತ್ತವೆ, ಒಳಗಿನವಕ್ಕೆ ತಲುಪುವ ಹೊತ್ತಿಗೆ ಔಷಧದ ಬಲ ಕುಗ್ಗಿರುತ್ತದೆ. ಅಲ್ಲದೆ ತಳದಲ್ಲಿರುವವು ಆಹಾರ, ಆಮ್ಲಜನಕ ಕಡಿಮೆಯಾಗಿ ಬಹಳ ನಿಧಾನ ಬೆಳೆಯುತ್ತವೆ. ಬೆಳೆಯುವ ಕೋಶವನ್ನೇ ಗುರಿಯಾಗಿಟ್ಟ ಆಂಟಿಬಯಾಟಿಕ್‌ಗಳು ಅವುಗಳ ಮೇಲೆ ಸರಿಯಾಗಿ ಕೆಲಸ ಮಾಡವು. ನೀರಿನಲ್ಲಿ ತೇಲುವ ಬ್ಯಾಕ್ಟೀರಿಯಾವನ್ನು ಕೊಲ್ಲುವ ಪ್ರಮಾಣಕ್ಕಿಂತ ಹಲವು ಪಟ್ಟು, ಕೆಲವೊಮ್ಮೆ 1000 ಪಟ್ಟಿನವರೆಗೂ ಹೆಚ್ಚಿನ ಔಷಧವನ್ನು ಅದೇ ಬ್ಯಾಕ್ಟೀರಿಯಾ ಪದರದೊಳಗೆ ಕೂತು ತಾಳಿಕೊಳ್ಳುತ್ತದೆ.

ಪದರ ದಪ್ಪವಾದಾಗ ಚೂರುಗಳು ಕಳಚಿ ನೀರಿಗೆ ಬೀಳುತ್ತವೆ, ಕೆಲವು ಕೋಶಗಳು ಮತ್ತೆ ಈಜುವ ಎಳೆ ಬೆಳೆಸಿಕೊಂಡು ಹೊರಡುತ್ತವೆ. ನಿನ್ನೆ ತುಂಬಿದ ನೀರು ಇವತ್ತು ಲೋಟಕ್ಕೆ ಬರುವಾಗ ಇವೂ ಜೊತೆಗೆ ಬರುತ್ತವೆ. ಇಷ್ಟಾದರೂ ಹೆದರಿ ಕೂರಬೇಕಿಲ್ಲ. ನೀರಿನ ಪಾತ್ರೆಯ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಆರೋಗ್ಯವಂತರಿಗೆ ಕೇಡು ಮಾಡುವವಲ್ಲ. ಭಯ ಇರುವುದು ಬೇರೆ ಕಡೆ. ಕೊಳಚೆ ಬೆರೆತ ನೀರಿನಿಂದಲೋ ತೊಳೆಯದ ಕೈಯಿಂದಲೋ ಭೇದಿ ತರಿಸುವ ಜೀವಿ ಒಮ್ಮೆ ಒಳಗೆ ಬಂದರೆ, ಈ ಲೋಳೆ ಅದಕ್ಕೂ ಅಡಗುತಾಣವಾಗುತ್ತದೆ. ಕೂಸುಗಳು, ವಯಸ್ಸಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇರುವ ಮನೆಯಲ್ಲಿ ಈ ಮಾತಿಗೆ ತೂಕ ಹೆಚ್ಚು.

ಪ್ಲಾಸ್ಟಿಕ್ಕಿನದೇ ಆದ ತೊಡಕು

ಲೋಳೆ ಪದರ ಸ್ಟೀಲಿನ ಮೇಲೂ ಕಟ್ಟುತ್ತದೆ, ಗಾಜಿನ ಮೇಲೂ ಕಟ್ಟುತ್ತದೆ. ಆದರೆ ಪ್ಲಾಸ್ಟಿಕ್ಕಿಗೆ ಅದರದೇ ಕೆಲವು ಗುಣಗಳಿವೆ. ಅದು ಮೃದು, ಬೇಗ ಗೀರು ಬೀಳುತ್ತದೆ. ಸ್ಟೀಲ್ ಜುಂಗಿನಿಂದ ಒಮ್ಮೆ ತಿಕ್ಕಿದರೆ ಸಾಕು, ಬ್ಯಾಕ್ಟೀರಿಯಾದ ಗಾತ್ರಕ್ಕೆ ಹೋಲಿಸಿದರೆ ಆಳವಾದ ಕಾಲುವೆಗಳೇ ತೆರೆದುಕೊಳ್ಳುತ್ತವೆ. ಆ ಗೀರಿನೊಳಗೆ ಹರಿವಿನ ರಭಸ ತಾಗದು, ಬ್ರಷ್ಷಿನ ಎಳೆ ತಲುಪದು. ಎರಡನೆಯದಾಗಿ, ಹಲವು ಪ್ಲಾಸ್ಟಿಕ್ಕುಗಳು ಕುದಿನೀರು ತಾಳವು. ನೀರು, ತಂಪು ಪಾನೀಯ ತುಂಬಿ ಮಾರುವ ಪೆಟ್ ಬಾಟಲಿಗೆ ಬಿಸಿನೀರು ಹೊಯ್ದರೆ ಮುದುಡುತ್ತದೆ. ಹಾಗಾಗಿ ಅಡುಗೆಮನೆಯ ಅತಿ ಸುಲಭದ ಸೋಂಕುನಿವಾರಕವಾದ ಕುದಿನೀರು ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಮೂರನೆಯದು ನನಗೆ ತುಂಬ ಮುಖ್ಯವೆನಿಸುತ್ತದೆ. ಮೆತ್ತನೆಯ ಪ್ಲಾಸ್ಟಿಕ್ಕುಗಳು ತಮ್ಮೊಳಗಿಂದ ಇಂಗಾಲದ ಸಂಯುಕ್ತಗಳನ್ನು ನೀರಿಗೆ ಬಿಡುತ್ತವೆ, ಮತ್ತು ಅವು ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತವೆ. ಸ್ವಿಟ್ಜರ್ಲೆಂಡಿನ ಜಲವಿಜ್ಞಾನ ಸಂಸ್ಥೆ ಇಯಾವಾಗ್ ಮತ್ತು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಚೆನ್ನಾಗಿ ತೋರಿಸಿತು. ಮಕ್ಕಳು ಸ್ನಾನದ ತೊಟ್ಟಿಯಲ್ಲಿ ಆಡುವ, ಅದುಮಿದರೆ ನೀರು ಚಿಮ್ಮುವ ಮೆತ್ತನೆಯ ಬಾತುಕೋಳಿಗಳನ್ನು ಅವರು ಸೀಳಿ ನೋಡಿದರು. ಒಳಗೋಡೆಯ ಪ್ರತಿ ಚದರ ಸೆಂಟಿಮೀಟರಿನಲ್ಲಿ 50 ಲಕ್ಷದಿಂದ ಹಿಡಿದು 7 ಕೋಟಿಗೂ ಮೀರಿದಷ್ಟು ಕೋಶಗಳಿದ್ದವು. ಬಹಳಷ್ಟರಲ್ಲಿ ಬೂಷ್ಟೂ ಸೇರಿತ್ತು. ನಲ್ಲಿಯ ಶುದ್ಧ ನೀರಿನಲ್ಲಿ ಅಷ್ಟೊಂದು ಬೆಳೆಯಲು ಆಹಾರ ಎಲ್ಲಿಂದ ಬಂತು? ಮುಖ್ಯವಾಗಿ ಆಟಿಕೆಯ ಪ್ಲಾಸ್ಟಿಕ್ಕಿನಿಂದಲೇ. ಉಳಿದದ್ದು ಸೋಪು, ಬೆವರು, ಮೈಕೊಳೆಯಿಂದ. ಮನೆಯಲ್ಲಿ ಇಂಥ ಆಟಿಕೆಯಿದ್ದರೆ ತೂತಿಲ್ಲದ್ದನ್ನು ಆರಿಸಿ. ಮೆತ್ತನೆಯ ರಬ್ಬರು ಪೈಪು, ಮುಚ್ಚಳದ ಒಳಗಿನ ವಾಷರು, ಬಾಟಲಿಯ ಸ್ಟ್ರಾ ಇವುಗಳಲ್ಲಿ ಲೋಳೆ ಮೊದಲು ಕಾಣುವುದಕ್ಕೂ ಇದೇ ಮುಖ್ಯ ಕಾರಣ.

ಇಲ್ಲಿ ತಾಮ್ರದ ಮಾತು ಬಾರದೆ ಇರದು. ನಮ್ಮ ಹಿಂದಿನವರು ನೀರು ತುಂಬಿಡುತ್ತಿದ್ದದ್ದು ತಾಮ್ರದ ಹಂಡೆ, ಕೊಡಗಳಲ್ಲಿ. ಬೆಂಗಳೂರಿನ ಆಯುರ್ವೇದ ಸಂಶೋಧನಾ ಸಂಸ್ಥೆಯೊಂದರ ವಿಜ್ಞಾನಿಗಳು ಇದನ್ನು ಪರೀಕ್ಷೆಗೆ ಒಡ್ಡಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಲರಾ, ವಿಷಮಶೀತ ಜಾತಿಯ ಸಾಲ್ಮೊನೆಲ್ಲಾ, ಶಿಗೆಲ್ಲಾ, ಇ. ಕೋಲಿ ಬ್ಯಾಕ್ಟೀರಿಯಾಗಳನ್ನು ಬೇಕೆಂದೇ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಅವು ಬೆಳೆಸಲು ಸಿಗದಷ್ಟು ನಾಶವಾಗಿದ್ದವು. ನೀರಿಗೆ ಇಳಿದ ತಾಮ್ರದ ಪ್ರಮಾಣ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೊಳಗೇ ಇತ್ತು. ಪ್ಲಾಸ್ಟಿಕ್ಕಿಗೆ ಈ ಗುಣ ಇಲ್ಲ. ಹಗುರ, ಅಗ್ಗ, ಬಿದ್ದರೆ ನೆಗ್ಗದು ಎಂದು ಬಿಂದಿಗೆ ಬದಲಾಯಿಸಿದಾಗ ತಾಮ್ರ ತಾನಾಗಿ ಮಾಡುತ್ತಿದ್ದ ಒಂದು ಕೆಲಸ ನಮ್ಮ ಕೈಗೆ ಬಂತು. ಕುಡಿಯುವ ನೀರಿಗಾದರೂ ಒಂದು ತಾಮ್ರದ ಕೊಡ ಉಳಿಸಿಕೊಳ್ಳುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಹುಳಿ ಇರುವ ಮಜ್ಜಿಗೆ, ನಿಂಬೆ ಪಾನಕಗಳನ್ನು ಮಾತ್ರ ಅದರಲ್ಲಿ ಇಡಬಾರದು.

ಬಿಂದಿಗೆ, ಡ್ರಮ್ಮು, ಟ್ಯಾಂಕು

ನಲ್ಲಿಯಲ್ಲಿ ದಿನದ 24 ಗಂಟೆ ನೀರು ಬರುತ್ತಿದ್ದರೆ ತುಂಬಿಡುವ ಗೋಜೇ ಇರುತ್ತಿರಲಿಲ್ಲ. ನಮ್ಮಲ್ಲಿ ಹಾಗಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲವು ವಾರ್ಡುಗಳಿಗೆ ನಿರಂತರ ನೀರು, ಉಳಿದವಕ್ಕೆ ಹಲವು ದಿನಗಳಿಗೊಮ್ಮೆ ನೀರು ಬರುತ್ತಿದ್ದಾಗ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಸಂಶೋಧಕರು ಎರಡೂ ಕಡೆಯ ನೀರನ್ನು ಪರೀಕ್ಷಿಸಿ 2013ರಲ್ಲಿ ವರದಿ ಮಾಡಿದರು. ಬಿಟ್ಟು ಬಿಟ್ಟು ನೀರು ಬರುವ ಕಡೆ ನಲ್ಲಿಯ ಮಾದರಿಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಇ. ಕೋಲಿ ಕಂಡಿತು, ನಿರಂತರ ನೀರಿನ ಕಡೆ ಅದು ತೀರಾ ವಿರಳ. ಕೊಳವೆ ಖಾಲಿಯಿದ್ದಾಗ ಹೊರಗಿನ ಕೊಳಚೆ ಒಳಗೆ ಜಿನುಗುತ್ತದೆ. ನೀರು ಮತ್ತೆ ಬಂದಾಗ ಕೊಳವೆಯ ಒಳಗೋಡೆಯ ಲೋಳೆಯೂ ಕಿತ್ತು ಬರುತ್ತದೆ. ಆದ್ದರಿಂದ ನಲ್ಲಿ ಬಿಟ್ಟ ಕೂಡಲೇ ಬರುವ ಮೊದಲ ನೀರನ್ನು ಕುಡಿಯುವ ಬಿಂದಿಗೆಗೆ ಹಿಡಿಯಬೇಡಿ. ಬಣ್ಣ ತಿಳಿಯಾದ ಮೇಲೂ ಸ್ವಲ್ಪ ಹೊತ್ತು ಬಿಟ್ಟು ಹಿಡಿಯಿರಿ. ಮೊದಲಿನದು ನೆಲ ತೊಳೆಯಲು, ಬಚ್ಚಲಿಗೆ ಆಗುತ್ತದೆ.

ಬಿಂದಿಗೆಯನ್ನು ವಾರಕ್ಕೊಮ್ಮೆಯಾದರೂ ಉಜ್ಜಿ ತೊಳೆಯಬೇಕು. ಉದ್ದ ಹಿಡಿಯ ನೈಲಾನ್ ಬ್ರಷ್ಷು ಅಥವಾ ತೆಂಗಿನ ನಾರು, ಸ್ವಲ್ಪ ಪಾತ್ರೆ ಸೋಪು ಸಾಕು. ಸ್ಟೀಲ್ ಜುಂಗು, ಮರಳು ಬೇಡ. ಕೈಯೂ ಬ್ರಷ್ಷೂ ತಲುಪದ ಕಿರಿಬಾಯಿಯ ಕ್ಯಾನನ್ನು ಕುಡಿಯುವ ನೀರಿಗೆ ಇಟ್ಟುಕೊಳ್ಳಲೇಬೇಡಿ. ಬಾಯಿ ಅಗಲವಿದ್ದರೆ ಉಜ್ಜಲು ಸುಲಭ, ಆದರೆ ಕೈ, ಲೋಟ ಅದ್ದುವ ಅಪಾಯ ಇದ್ದೇ ಇದೆ. ಮುಚ್ಚಳವೂ ನಲ್ಲಿಯೂ ಇರುವ ಪಾತ್ರೆ, ಇಲ್ಲವೇ ಉದ್ದ ಹಿಡಿಯ ಸೌಟು ಅದಕ್ಕೆ ಪರಿಹಾರ. ಪಾತ್ರೆಗೆ ನಲ್ಲಿ ಇದ್ದರೆ ಅದರೊಳಗನ್ನೂ ತೊಳೆಯಬೇಕು. 20 ಲೀಟರ್ ಕ್ಯಾನ್ ತಿರುವಿ ಇಡುವ ಡಿಸ್ಪೆನ್ಸರ್‌ಗಳಲ್ಲಿ ಕ್ಯಾನು ಬದಲಾಗುತ್ತದೆ, ಒಳಗಿನ ಗುಂಡಿಯೂ ನಲ್ಲಿಯೂ ತಿಂಗಳುಗಟ್ಟಲೆ ಹಾಗೇ ಇರುತ್ತವೆ.

ಗಡಸು ನೀರಿನ ಊರುಗಳಲ್ಲಿ ಬಿಂದಿಗೆಯ ಒಳಗೆ ಬಿಳಿ ಸುಣ್ಣ ಕಟ್ಟುತ್ತದೆ. ಆ ಒರಟು ಪದರ ಬ್ಯಾಕ್ಟೀರಿಯಾಕ್ಕೆ ಹೇಳಿ ಮಾಡಿಸಿದ ಜಾಗ. ಹುಣಸೆ ನೀರನ್ನೋ ನಿಂಬೆ ಉಪ್ಪನ್ನು ಕರಗಿಸಿದ ನೀರನ್ನೋ ಕೆಲಹೊತ್ತು ನಿಲ್ಲಿಸಿ ಉಜ್ಜಿದರೆ ಸುಣ್ಣ ಬಿಡುತ್ತದೆ. ಆದರೆ ಈ ಹುಳಿಯನ್ನು ಪೂರ್ತಿ ತೊಳೆದು ಹಾಕದೆ ಬ್ಲೀಚಿಂಗ್ ಪುಡಿಯನ್ನು ಮುಟ್ಟಬೇಡಿ. ಹುಳಿಯೂ ಬ್ಲೀಚೂ ಸೇರಿದರೆ ಶ್ವಾಸಕೋಶ ಸುಡುವ ಕ್ಲೋರಿನ್ ಅನಿಲ ಏಳುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ಡಿಗೂ ಇದೇ ಎಚ್ಚರ.

ಉಜ್ಜಿದ ಮೇಲೆ ಔಷಧ. ಒಂದು ಲೀಟರ್ ನೀರಿಗೆ ಕಾಲು ಟೀ ಚಮಚ, ಅಂದರೆ ಸುಮಾರು ಒಂದು ಗ್ರಾಂ ಹೊಸ ಬ್ಲೀಚಿಂಗ್ ಪುಡಿ ಕದಡಿ, ಗಸಿ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಿಂದಿಗೆಗೆ ಹಾಕಿ. ಒಳಗೋಡೆಯೆಲ್ಲ ನೆನೆಯುವಂತೆ ಆಗಾಗ ತಿರುಗಿಸುತ್ತ ಅರ್ಧ ಗಂಟೆ ಬಿಡಿ. ಆಮೇಲೆ ಚೆಲ್ಲಿ, ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ಗಲಬರಿಸಿ. ಪುಡಿಯ ಪೊಟ್ಟಣ ಬಾಯಿ ಬಿಚ್ಚಿ ಮೂಲೆಯಲ್ಲಿ ಬಿದ್ದಿದ್ದು ಘಾಟು ಹೋಗಿದ್ದರೆ ಅದರ ಕ್ಲೋರಿನ್ನೂ ಹೋಗಿದೆ ಎಂದೇ ಅರ್ಥ.

ಇನ್ನು ಒಣಗಿಸುವುದು. ಎಲ್ಲರೂ ಬಿಟ್ಟುಬಿಡುವ ಕೆಲಸ ಇದು, ಮತ್ತು ಬಿಡಬಾರದ ಕೆಲಸ. ಬ್ಯಾಕ್ಟೀರಿಯಾ ಬೆಳೆಯಲು ನೀರು ಬೇಕೇ ಬೇಕು. ಬೋರಲು ಹಾಕಿದ ಬಿಂದಿಗೆಯ ಬಾಯಿ ನೆಲಕ್ಕೆ ಕಚ್ಚಿಕೊಂಡರೆ ಒಳಗೆ ಗಾಳಿಯಾಡದೆ ಹಬೆ ನಿಲ್ಲುತ್ತದೆ. ಒಂದು ಕಡೆ ಸ್ವಲ್ಪ ಎತ್ತಿ, ಗಾಳಿ ಹೋಗುವಂತೆ ಇಡಿ. ಎರಡು ಬಿಂದಿಗೆಗಳಿದ್ದರೆ ಒಂದರಲ್ಲಿ ನೀರು, ಇನ್ನೊಂದು ಪೂರ್ತಿ ಒಣಗುತ್ತಿರಲಿ. ದಿನ ಬಿಟ್ಟು ದಿನ ಅದಲುಬದಲು ಮಾಡಿ. ಖರ್ಚಿಲ್ಲದ ಈ ಕ್ರಮಕ್ಕಿಂತ ಒಳ್ಳೆಯ ಸಲಹೆ ನನಗೆ ತಿಳಿದಂತೆ ಬೇರೆ ಇಲ್ಲ.

ತಾರಸಿಯ ಟ್ಯಾಂಕು ಕಪ್ಪಗಿರುವುದು ಬೆಳಕು ಒಳಗೆ ಹೋಗದಿರಲೆಂದು. ಬೆಳಕಿಲ್ಲದೆ ಹಸಿರು ಪಾಚಿ ಬೆಳೆಯದು, ನಿಜ. ಬ್ಯಾಕ್ಟೀರಿಯಾಕ್ಕೆ ಬೆಳಕು ಬೇಕಿಲ್ಲವಾದ್ದರಿಂದ ಹಸಿರು ಕಾಣದ ಟ್ಯಾಂಕಿನಲ್ಲೂ ಲೋಳೆ ಇರುತ್ತದೆ. ವರ್ಷಕ್ಕೆ ಎರಡು ಸಲ, ಮಳೆಗಾಲದ ಮುಂಚೆ ಒಮ್ಮೆ ಮತ್ತು ಆಮೇಲೆ ಒಮ್ಮೆ ತೊಳೆಸಿ. ನೀರು ಬಸಿದು, ತಳದ ಕೆಸರು ತೆಗೆದು, ಉದ್ದ ಬ್ರಷ್ಷಿನಿಂದ ಗೋಡೆ ಉಜ್ಜಿ, ಆ ನೀರನ್ನೂ ಹೊರಹಾಕಿ. ಆಮೇಲೆ 1000 ಲೀಟರ್ ಟ್ಯಾಂಕಿಗೆ ಸುಮಾರು 150 ಗ್ರಾಂ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ತಿಳಿಯನ್ನು ಟ್ಯಾಂಕಿಗೆ ಸುರಿದು, ನೀರು ತುಂಬಿ. ಮನೆಯ ನಲ್ಲಿಗಳನ್ನು ಒಂದೊಂದಾಗಿ ತಿರುಗಿಸಿ, ಕ್ಲೋರಿನ್ ವಾಸನೆ ಬಂದ ಮೇಲೆ ನಿಲ್ಲಿಸಿ. ಕೊಳವೆಗೂ ಔಷಧ ತಲುಪಿತು. ಒಂದು ದಿನ ಹಾಗೇ ಬಿಟ್ಟು ಎಲ್ಲವನ್ನೂ ಬಸಿದು ಹೊಸ ನೀರು ತುಂಬಿ. ಅಷ್ಟು ಹೊತ್ತು ನೀರು ಶುದ್ಧೀಕರಣ ಯಂತ್ರದ ನಲ್ಲಿ ಮುಚ್ಚಿರಲಿ. ಈ ನೀರನ್ನು ಯಾರೂ ಕುಡಿಯಬಾರದು, ಗಿಡಕ್ಕೆ, ಬಾವಿಗೆ, ಕೆರೆಗೆ ಬಿಡಬಾರದು. ಸಂಪಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಬ್ಲೀಚಿಂಗ್ ಪುಡಿ ಹಾಕಿದ ಸಂಪಿಗೆ ಯಾರನ್ನೂ ಇಳಿಸಬೇಡಿ. ಬರಿದಾದ ಸಂಪಿನಲ್ಲೂ ಉಸಿರಾಡಲು ಗಾಳಿ ಸಾಲದೆ ಸಾವು ಸಂಭವಿಸುತ್ತದೆ. ಮುಚ್ಚಳ ತೆರೆದು ಚೆನ್ನಾಗಿ ಗಾಳಿಯಾಡಲು ಬಿಟ್ಟು, ಮೇಲೆ ಒಬ್ಬರು ನಿಂತಿದ್ದಾಗ ಮಾತ್ರ ಇಳಿಯಬೇಕು.

ಆರ್‌ಒ ಯಂತ್ರ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಇರುವವರಿಗೂ ಒಂದು ಮಾತು. ಅದರೊಳಗಿನ ಇದ್ದಿಲ ಫಿಲ್ಟರು ನೀರಿನ ಕ್ಲೋರಿನ್ನನ್ನು ತೆಗೆದುಬಿಡುತ್ತದೆ. ಭಾರತೀಯ ಮಾನಕದ ಪ್ರಕಾರ ನಲ್ಲಿ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುವುದು ದಾರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದಿರಲೆಂದು. ಆ ಕಾವಲು ಕಳೆದುಕೊಂಡ ನೀರು ಯಂತ್ರದ ಪ್ಲಾಸ್ಟಿಕ್ ತೊಟ್ಟಿಯಲ್ಲಿ ನಿಂತಿರುತ್ತದೆ. ಹತ್ತು ದಿನ ಊರಿಗೆ ಹೋಗಿ ಬಂದರೆ ಆ ತೊಟ್ಟಿಯ ನೀರನ್ನು ಪೂರ್ತಿ ಬಸಿದು ಆಮೇಲೆ ಬಳಸಿ. ಬಹುದಿನ ನಿಂತ ಶವರನ್ನೂ ಮೊದಲು ಸ್ವಲ್ಪ ಹೊತ್ತು ಹರಿಯಬಿಡಿ, ಆಗ ಅದರ ಕೆಳಗೆ ನಿಲ್ಲಬೇಡಿ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸಮಾವೇಶಕ್ಕೆ ಸೇರಿದ್ದವರಲ್ಲಿ ಹರಡಿ 34 ಜನರನ್ನು ಕೊಂದ ನ್ಯುಮೋನಿಯಾಕ್ಕೆ ಕಾರಣವಾದ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಇಂಥ ನಿಂತ, ಉಗುರುಬೆಚ್ಚಗಿನ ನೀರಿನ ಲೋಳೆಯಲ್ಲೇ ಬೆಳೆಯುವಂಥದ್ದು. ಅದು ದೇಹಕ್ಕೆ ಸೇರುವುದು ನೀರಿನ ಸೂಕ್ಷ್ಮ ತುಂತುರನ್ನು ಉಸಿರಾಡಿದಾಗ.

ಅಡುಗೆಮನೆಯಿಂದ ತೊಟ್ಟಿಲವರೆಗೆ

ಮಕ್ಕಳ ನೀರಿನ ಬಾಟಲಿಯನ್ನು ದಿನವೂ ಸೋಪು ಹಾಕಿ ಬ್ರಷ್ಷಿನಿಂದ ತೊಳೆಯಿರಿ. ಸ್ಟ್ರಾ ಇರುವುದಕ್ಕಿಂತ ಅಗಲ ಬಾಯಿಯದು ಮೇಲು. ಊಟದ ಡಬ್ಬಿಯ ಮುಚ್ಚಳದಲ್ಲಿರುವ ರಬ್ಬರು ಬಳೆಯನ್ನು ಚಮಚದ ಹಿಡಿಯಿಂದ ಎಬ್ಬಿಸಿ ತೆಗೆದು ನೋಡಿ; ಅದರಡಿಯ ಕಪ್ಪು ಗೆರೆ ಬೂಷ್ಟು ಮತ್ತು ಬ್ಯಾಕ್ಟೀರಿಯಾಗಳದು. ನೀರು ಮಾರುವ ಪೆಟ್ ಬಾಟಲಿಯನ್ನು ತಿಂಗಳುಗಟ್ಟಲೆ ತುಂಬಿ ತುಂಬಿ ಬಳಸುವುದು ಬೇಡ. ಅದನ್ನು ಉಜ್ಜಲೂ ಆಗದು, ಕುದಿಸಲೂ ಆಗದು.

ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಹಲಗೆ ಹೊಸದಿದ್ದಾಗ ಸುಲಭವಾಗಿ ಶುಚಿಯಾಗುತ್ತದೆ. ಚಾಕುವಿನ ಗೀರು ತುಂಬಿದ ಮೇಲೆ ಆಗದು. ಅಮೆರಿಕದಲ್ಲಿ ಡೀನ್ ಕ್ಲಿವರ್ 1990ರ ದಶಕದಲ್ಲಿ ಮರದ ಮತ್ತು ಪ್ಲಾಸ್ಟಿಕ್ ಹಲಗೆಗಳನ್ನು ಹೋಲಿಸಿ ಕಂಡದ್ದು ಅಚ್ಚರಿಯದು. ಗೀರು ಬಿದ್ದ ಪ್ಲಾಸ್ಟಿಕ್ ಹಲಗೆಯನ್ನು ಕೈಯಲ್ಲಿ ತೊಳೆದರೂ ಗೀರಿನೊಳಗೆ ಬ್ಯಾಕ್ಟೀರಿಯಾ ಉಳಿಯುತ್ತಿತ್ತು. ಮರದ ಹಲಗೆಯಲ್ಲಿ ಅವು ಒಳಗೆ ಇಂಗಿ, ಬೆಳೆಯದೆ ಕ್ರಮೇಣ ಸಾಯುತ್ತಿದ್ದವು. ಮಾಂಸ, ಮೀನು ಹೆಚ್ಚುವ ಮನೆಯಲ್ಲಿ ಅದಕ್ಕೆ ಬೇರೆ ಹಲಗೆ ಇರಲಿ. ಉಗುರಿಗೆ ಗೀರು ತಡೆಯುವಂತಾದ ಪ್ಲಾಸ್ಟಿಕ್ ಹಲಗೆಯನ್ನು ಬದಲಾಯಿಸಿ. ಈಳಿಗೆಮಣೆ ಬಳಸುವವರಿಗೆ ಈ ಚಿಂತೆ ಅಷ್ಟಾಗಿ ಇಲ್ಲ.

ಬಚ್ಚಲ ಬಕೆಟ್ಟು, ಮಗ್ಗಿನ ತಳದಲ್ಲಿ ಕಾಣುವ ಗುಲಾಬಿ ಲೋಳೆ ಹೆಚ್ಚಾಗಿ ಸೆರಾಷಿಯಾ ಎಂಬ ಬ್ಯಾಕ್ಟೀರಿಯಾದ್ದು. ಸೋಪಿನ ಜಿಡ್ಡು ಅದಕ್ಕೆ ಆಹಾರ. ಉಜ್ಜಿ, ಬೋರಲು ಹಾಕಿ ಒಣಗಿಸಿದರೆ ಸಾಕು, ಬರುವುದು ಕಡಿಮೆಯಾಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಡಬ್ಬಿಯ ವಿಷಯ ಅಷ್ಟು ಹಗುರದ್ದಲ್ಲ. ಅದನ್ನು ನಲ್ಲಿ ನೀರಿನಲ್ಲಿ ತೊಳೆಯಲೇಬಾರದು. ನಲ್ಲಿ ನೀರಿನ ಅಕಾಂತಅಮೀಬಾ ಎಂಬ ಜೀವಿ ಡಬ್ಬಿಯ ಲೋಳೆಯ ಬ್ಯಾಕ್ಟೀರಿಯಾಗಳನ್ನು ತಿಂದು ಬೆಳೆದು ಕಣ್ಣಿಗೆ ಸೇರಿದರೆ ದೃಷ್ಟಿಗೇ ಅಪಾಯ. ಲೆನ್ಸ್ ದ್ರಾವಣದಲ್ಲೇ ಬೆರಳಿಂದ ಉಜ್ಜಿ, ಉಳಿದ ದ್ರಾವಣ ಚೆಲ್ಲಿ, ಬೋರಲು ಹಾಕಿ ಒಣಗಿಸಿ. ಮೂರು ತಿಂಗಳಿಗೊಮ್ಮೆ ಡಬ್ಬಿಯನ್ನೇ ಬದಲಾಯಿಸಿ.

ಕೂಸಿನ ಹಾಲಿನ ಬಾಟಲಿಗೆ ಇವೆಲ್ಲಕ್ಕಿಂತ ಹೆಚ್ಚಿನ ಕಾಳಜಿ ಬೇಕು. ಹಾಲು ಅಂದರೆ ಬ್ಯಾಕ್ಟೀರಿಯಾಕ್ಕೂ ಮೃಷ್ಟಾನ್ನ. ಹಾಲಿನ ಪುಡಿ ಕಾರ್ಖಾನೆಯಿಂದಲೇ ಪೂರ್ತಿ ಜೀವಾಣುರಹಿತವಾಗಿ ಬರುವುದಿಲ್ಲ. ಅದರಲ್ಲಿ ಅಪರೂಪಕ್ಕೆ ಇರುವ ಕ್ರೋನೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಪ್ಲಾಸ್ಟಿಕ್ಕು, ಸಿಲಿಕೋನು ಎರಡರ ಮೇಲೂ ಪದರ ಕಟ್ಟಬಲ್ಲದು, ಎರಡು ತಿಂಗಳೊಳಗಿನ ಕೂಸಿಗೆ ಮೆದುಳಿನ ಸೋಂಕು ತರಬಲ್ಲದು. ಹಾಗಾಗಿ ಪುಡಿಯನ್ನು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿಲ್ಲದ ನೀರಿನಲ್ಲಿ ಕಲಸಿ, ಆರಿಸಿ, ಕೂಡಲೇ ಕುಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2007ರ ಮಾರ್ಗದರ್ಶಿಯಲ್ಲಿ ಹೇಳಿದೆ. ಬಾಟಲಿ, ಮುಚ್ಚಳ, ನಿಪ್ಪಲ್ಲು, ಬಳೆ ಎಲ್ಲವನ್ನೂ ಬಿಡಿಸಿ, ಹಾಲು ಒಣಗುವ ಮುಂಚೆಯೇ ತೊಳೆದು, ಬಾಟಲಿಗೆಂದೇ ಇಟ್ಟ ಬ್ರಷ್ಷಿನಿಂದ ಉಜ್ಜಿ, ಐದು ನಿಮಿಷ ಕುದಿಸಿ, ತಾನಾಗಿ ಒಣಗಲು ಬಿಡಿ. ಒಗೆದ ಬಟ್ಟೆಯಿಂದಲೂ ಒರೆಸಬೇಡಿ. ಎದೆಹಾಲಿಗೆ ಇಷ್ಟೆಲ್ಲ ಬೇಕಿಲ್ಲ. ಅದನ್ನು ಹಿಂಡಿ ಕುಡಿಸಬೇಕಾದಾಗ ನಮ್ಮ ಅಜ್ಜಿಯರ ಒಳಲೆ ಬಾಟಲಿಗಿಂತ ಎಷ್ಟೋ ಮೇಲು: ತೆರೆದ ಪಾತ್ರೆ, ಮೂಲೆಯಿಲ್ಲ, ಸಂದಿಯಿಲ್ಲ, ಕುದಿಸಲು ಸಲೀಸು.

ಅಂಗಡಿಯಲ್ಲಿ ಆಂಟಿಬ್ಯಾಕ್ಟೀರಿಯಲ್ ಎಂದು ಬರೆದ ಪ್ಲಾಸ್ಟಿಕ್ ಸಾಮಾನು ಕಂಡರೆ ಅದಕ್ಕಾಗಿ ಹೆಚ್ಚು ಹಣ ಕೊಡಬೇಕಿಲ್ಲ. ಸೇರಿಸಿದ ರಾಸಾಯನಿಕ ಕೆಲಸ ಮಾಡುವುದು ತನ್ನನ್ನು ಮುಟ್ಟಿದ ಜೀವಿಯ ಮೇಲೆ. ಮೊದಲ ಸಾವಯವ ಲೇಪ, ಅದರ ಮೇಲೆ ಸತ್ತ ಕೋಶಗಳ ಸಾಲು ಬಿದ್ದ ಮೇಲೆ ಹೊಸದಾಗಿ ಬಂದವು ಅದನ್ನು ಮುಟ್ಟುವುದೇ ಇಲ್ಲ. ತೊಳೆಯುವ ಕೆಲಸ ಅದರಿಂದ ತಪ್ಪುವುದಿಲ್ಲ. ಹಾಗೆಯೇ ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ ಎಂದು ಸುದ್ದಿಯಾದದ್ದು ಜಪಾನಿನ ಸಕಾಯ್‌ನಲ್ಲಿ ಪೆಟ್ ಬಾಟಲಿ ಮರುಬಳಕೆ ಘಟಕದ ಬಳಿ ಸಿಕ್ಕ, 2016ರಲ್ಲಿ ವರದಿಯಾದ ಇಡಿಯೊನೆಲ್ಲಾ. ಅದರ ಕೆಲಸವೂ ತುಂಬ ನಿಧಾನ. ನಮ್ಮ ಬಿಂದಿಗೆಯ ಬ್ಯಾಕ್ಟೀರಿಯಾಗಳು ಬಿಂದಿಗೆಯನ್ನು ತಿನ್ನುತ್ತಿಲ್ಲ, ಅದರ ಮೇಲೆ ನಿಂತು ಬೇರೆಯದನ್ನು ತಿನ್ನುತ್ತಿವೆ.

ದೇಹದೊಳಗಿನ ನಳಿಕೆ

ಇದೇ ಪದರ ದೇಹದೊಳಗೆ ಹಾಕಿದ ಪ್ಲಾಸ್ಟಿಕ್ ಅಥವಾ ಸಿಲಿಕೋನ್ ನಳಿಕೆಯ ಮೇಲೆ ಕಟ್ಟಿದಾಗ ಪರಿಣಾಮ ಬೇರೆ. ನಮ್ಮೆಲ್ಲರ ಚರ್ಮದ ಮೇಲೆ ಸುಮ್ಮನಿರುವ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ರಕ್ತನಾಳದ ನಳಿಕೆ ಹತ್ತಿದರೆ ಜೀವಕ್ಕೆ ಕುತ್ತು ತರುತ್ತದೆ. ಅದು ಆಸ್ಪತ್ರೆಯವರ ಹೊಣೆ. ಆದರೆ ಮೂತ್ರದ ಕ್ಯಾಥೆಟರ್ ಹಾಕಿಕೊಂಡೇ ಮನೆಗೆ ಬರುವ ಹಿರಿಯರು ಈಗ ಬಹಳ. ಅವರ ಆರೈಕೆ ಮನೆಯವರದೇ.

ಕ್ಯಾಥೆಟರ್ ಇದ್ದಷ್ಟು ಕಾಲ ದಿನಕ್ಕೆ ಶೇ. 3ರಿಂದ 7ರಷ್ಟು ಸಾಧ್ಯತೆಯಂತೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ಒಂದು ತಿಂಗಳಾದರೆ ಬಹುತೇಕ ಎಲ್ಲರಲ್ಲೂ ಇರುತ್ತದೆ. ಕೆಲವು ಜಾತಿಗಳು, ಮುಖ್ಯವಾಗಿ ಪ್ರೋಟಿಯಸ್, ಮೂತ್ರವನ್ನು ಕ್ಷಾರವಾಗಿಸಿ ಲವಣ ಹರಳುಗಟ್ಟುವಂತೆ ಮಾಡುತ್ತವೆ. ಆಗ ನಳಿಕೆ ಕಟ್ಟಿಕೊಳ್ಳುತ್ತದೆ. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ನಳಿಕೆಯನ್ನೂ ಚೀಲವನ್ನೂ ಸೇರಿಸುವ ಕೀಲನ್ನು ಬಿಚ್ಚಬೇಡಿ, ಒಳಗಿನ ಲೋಳೆ ಹೋಗಲೆಂದು ಮನೆಯಲ್ಲಿ ಯಾವ ದ್ರಾವಣವನ್ನೂ ಒಳಗೆ ಬಿಡಬೇಡಿ. ಮುಟ್ಟುವ ಮುಂಚೆ, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ನಳಿಕೆ ದೇಹ ಸೇರುವ ಜಾಗವನ್ನು ದಿನಕ್ಕೊಮ್ಮೆ ಸೋಪು ನೀರಿನಿಂದ ಶುಚಿ ಮಾಡಿದರೆ ಸಾಕು. ಹೃದಯ, ಕಿಡ್ನಿ ತೊಂದರೆಯಿಂದ ವೈದ್ಯರು ಮಿತಿ ಹೇಳಿರದಿದ್ದರೆ ನೀರು ಚೆನ್ನಾಗಿ ಕುಡಿಸಿ.

ಮೂತ್ರ ಸ್ವಲ್ಪ ಮಂಕಾಗಿದೆ ಎಂದ ಮಾತ್ರಕ್ಕೆ ಔಷಧ ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗಿಸಬೇಡಿ. ಲೋಳೆಯೊಳಗಿನವು ಅದಕ್ಕೆ ಸಾಯುವುದಿಲ್ಲ, ಔಷಧಕ್ಕೆ ಬಗ್ಗದ ತಳಿಗಳು ಮಾತ್ರ ಉಳಿದು ಬೆಳೆಯುತ್ತವೆ. ಸೋಂಕು ನಿಜವಾಗಿದ್ದಾಗ ಹಳೆಯ ನಳಿಕೆಯನ್ನು ತೆಗೆದು ಹೊಸದನ್ನು ಹಾಕುವುದೂ ಚಿಕಿತ್ಸೆಯ ಭಾಗವಾಗಿರುತ್ತದೆ. ಜ್ವರ, ಚಳಿ ನಡುಕ, ಸೊಂಟದ ಮೇಲಿನ ಪಕ್ಕೆಯಲ್ಲಿ ನೋವು, ಹಿರಿಯರಲ್ಲಿ ಇದ್ದಕ್ಕಿದ್ದಂತೆ ಮಂಪರು ಅಥವಾ ಗೊಂದಲದ ಮಾತು, ಕೆಲವು ಗಂಟೆಗಳಿಂದ ಚೀಲಕ್ಕೆ ಮೂತ್ರವೇ ಇಳಿಯದಿರುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಮತ್ತು ಪ್ರತಿ ಸಲ ವೈದ್ಯರನ್ನು ಕಂಡಾಗ ಈ ನಳಿಕೆ ಇನ್ನೂ ಬೇಕೇ, ಯಾವಾಗ ತೆಗೆಯಬಹುದು ಎಂದು ಕೇಳಿ. ಹಾಗೆ ಕೇಳಲು ಸಂಕೋಚ ಬೇಡ. ಕ್ಯಾಥೆಟರ್ ಎಷ್ಟು ಬೇಗ ಹೊರಬಂದರೆ ಸೋಂಕಿನ ಸಾಧ್ಯತೆ ಅಷ್ಟು ಕಡಿಮೆ.